ಡಿಕಾಂ ಬಿಟ್ಟು ಎಲ್ಲಿಗೆ? ಜಿಆರ್‌ಪಿಸಿ, ಕೋರ್‌ಡಬ್ಲ್ಯುಸಿಎಫ್, ರೆಸ್ಟ್, ಒಪಿಸಿ ಯುಎ ನಡುವೆ ಆರಿಸಿಕೊಳ್ಳುವುದು

2023ರ ಮಾರ್ಚ್. ಪೀಣ್ಯದ ಒಂದು ಗೇರ್ ಕಾರ್ಖಾನೆಯಿಂದ ಬೆಳಿಗ್ಗೆ ಏಳೂವರೆಗೇ ಫೋನ್ ಬಂತು. "ಸರ್, ಸ್ಕ್ರೀನ್ ಮೇಲೆ ಎಲ್ಲ ಸೊನ್ನೆ ತೋರಿಸ್ತಿದೆ. ಮೆಷಿನ್ ಮಾತ್ರ ಓಡ್ತಾನೇ ಇದೆ." ಹೋಗಿ ನೋಡಿದೆ. ಸರ್ವರ್‌ನ ಈವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಜಾಗ) 10036 ಅನ್ನುವ ಎರರ್ ನಂಬರ್ ಪುಟಗಟ್ಟಲೆ ಸಾಲಾಗಿ ನಿಂತಿತ್ತು. ಹಿಂದಿನ ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿತ್ತು. ಅಷ್ಟೇ ಆಗಿದ್ದು.

ತಪ್ಪು ನನ್ನದೇ. ಡಿಕಾಂ ಅಂದರೆ ಒಂದು ಕಂಪ್ಯೂಟರ್‌ನ ಪ್ರೋಗ್ರಾಂ ಇನ್ನೊಂದು ಕಂಪ್ಯೂಟರ್‌ನ ಪ್ರೋಗ್ರಾಂ ಜೊತೆ ಮಾತಾಡಲು ಮೈಕ್ರೋಸಾಫ್ಟ್ ಕೊಟ್ಟ ಹಳೆ ವ್ಯವಸ್ಥೆ. ಅದರ ಭದ್ರತಾ ಲೋಪ ಮುಚ್ಚಲು ಮೈಕ್ರೋಸಾಫ್ಟ್ ಮೂರು ಹಂತ ಇಟ್ಟುಕೊಂಡಿತ್ತು. 2021ರ ಜೂನ್‌ನಲ್ಲಿ ಬಿಗಿ ನಿಯಮ ಬಂತು, ಬೇಕಾದವರು ಹಾಕಿಕೊಳ್ಳಬಹುದಿತ್ತು. 2022ರ ಜೂನ್ 14ಕ್ಕೆ ಅದು ತಾನಾಗಿಯೇ ಆನ್ ಆಯಿತು, ಆದರೆ ಒಂದು ರಿಜಿಸ್ಟ್ರಿ ಕೀಯಿಂದ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್) ಆಫ್ ಮಾಡಬಹುದಿತ್ತು. 2023ರ ಮಾರ್ಚ್ 14ಕ್ಕೆ ಆ ಕೀಗೂ ಬೆಲೆ ಇಲ್ಲದಾಯಿತು. ಒಂಬತ್ತು ತಿಂಗಳ ಹಿಂದೆ ನಾನೇ ಆ ಕೀಗೆ ಸೊನ್ನೆ ಹಾಕಿ, "ಆಮೇಲೆ ನೋಡೋಣ" ಅಂತ ಹೇಳಿ ಬಂದಿದ್ದೆ. ಆ "ಆಮೇಲೆ" ಬಂದಿತ್ತು.

ಆ ದಿನದ ಮಟ್ಟಿಗೆ ಮದ್ದು ಸಿಕ್ಕಿತು. ಆಪರೇಟರ್ ಮುಂದಿದ್ದದ್ದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್. ಅದರ ಡಿಕಾಂ ಸೆಟ್ಟಿಂಗ್‌ನಲ್ಲಿ ಅಥೆಂಟಿಕೇಷನ್ ಮಟ್ಟವನ್ನು (ಕರೆಯುವವರನ್ನು ಎಷ್ಟು ಬಿಗಿಯಾಗಿ ಪರೀಕ್ಷಿಸಬೇಕು ಅನ್ನುವುದು) ಹೊಸ ನಿಯಮ ಕೇಳುವ "ಪ್ಯಾಕೆಟ್ ಇಂಟೆಗ್ರಿಟಿ"ಗೆ ಏರಿಸಿದೆ, ಸ್ಕ್ರೀನ್‌ಗೆ ಜೀವ ಬಂತು. ಇದು ಎಲ್ಲರಿಗೂ ಆಗುವುದಿಲ್ಲ. ಪ್ರೋಗ್ರಾಂ ತನ್ನ ಕೋಡ್ ಒಳಗೇ ಸೆಕ್ಯುರಿಟಿ ಮಟ್ಟವನ್ನು ಹೇಳಿಬಿಟ್ಟಿದ್ದರೆ ಹೊರಗಿನ ಸೆಟ್ಟಿಂಗ್ ಮಾತನ್ನು ಅದು ಕೇಳುವುದಿಲ್ಲ. ಅದೃಷ್ಟಕ್ಕೆ ಇಲ್ಲಿ ಹಾಗಿರಲಿಲ್ಲ.

ಅದಾದ ಮೇಲೆ ಮಾಲೀಕರು ಕೇಳಿದ ಪ್ರಶ್ನೆಯನ್ನೇ ಈಗ ಬೆಂಗಳೂರಿನ ಎಷ್ಟೋ ಕಡೆ ಕೇಳುತ್ತಿದ್ದೇನೆ. ಬೊಮ್ಮಸಂದ್ರದ ಫ್ಯಾಕ್ಟರಿಗಳಲ್ಲಿ, ರಾಜಾಜಿನಗರದ ಸಣ್ಣ ಬಿಲ್ಲಿಂಗ್ ಆಫೀಸುಗಳಲ್ಲಿ, ವೈಟ್‌ಫೀಲ್ಡ್‌ನ ದೊಡ್ಡ ಗಾಜಿನ ಕಟ್ಟಡಗಳಲ್ಲೂ: "ಹಳೇದನ್ನು ಬಿಟ್ಟು ಯಾವುದಕ್ಕೆ ಹೋಗೋಣ?"

ಪೈಪ್ ಬದಲಿಸುವ ಮುಂಚೆ

ಡಿಕಾಂ 1996ರಲ್ಲಿ ವಿಂಡೋಸ್ ಎನ್‌ಟಿ 4.0 ಜೊತೆ ಬಂತು. ಅದು ಕೊಟ್ಟ ಮಾತು ತುಂಬಾ ಸಿಹಿಯಾಗಿತ್ತು. ಬೇರೆ ಕಂಪ್ಯೂಟರ್‌ನಲ್ಲಿರುವ ಆಬ್ಜೆಕ್ಟ್ (ಡೇಟಾ ಮತ್ತು ಅದರ ಕೆಲಸ ಸೇರಿದ ಕೋಡ್‌ನ ತುಂಡು) ನಿಮ್ಮ ಪಕ್ಕದಲ್ಲೇ ಇದ್ದಂತೆ ಕೆಲಸ ಮಾಡುತ್ತದೆ, ಕೋಡ್‌ನಲ್ಲಿ ವ್ಯತ್ಯಾಸವೇ ಇರುವುದಿಲ್ಲ ಅಂತ. ಕೋರ್ಬಾ ಅನ್ನುವ ಇನ್ನೊಂದು ವ್ಯವಸ್ಥೆ ಅದನ್ನೇ 1991ರಿಂದ ಹೇಳುತ್ತಿತ್ತು. ಜಾವಾದ ಆರ್‌ಎಂಐ 1997ರಲ್ಲಿ ಹೇಳಿತು. 2002ರಲ್ಲಿ ಮೈಕ್ರೋಸಾಫ್ಟ್‌ನದೇ ಡಾಟ್‌ನೆಟ್ ರಿಮೋಟಿಂಗ್ ಕೂಡ ಅದೇ ಹಾಡು ಹಾಡಿತು.

ಕೋಡ್‌ನಲ್ಲಿ ವ್ಯತ್ಯಾಸ ಇರಲಿಲ್ಲ, ನಿಜ. ಗಡಿಯಾರದಲ್ಲಿ ಇತ್ತು.

ಆ ಕಾರ್ಖಾನೆಯ ವಿಬಿ6 (ವಿಷುವಲ್ ಬೇಸಿಕ್ 6, ಮೈಕ್ರೋಸಾಫ್ಟ್‌ನ ಹಳೆ ಪ್ರೋಗ್ರಾಮಿಂಗ್ ಭಾಷೆ) ಕೋಡ್‌ನಲ್ಲಿ ಜಾಬ್ ಕಾರ್ಡ್ ಅನ್ನುವ ಆಬ್ಜೆಕ್ಟ್ ಇತ್ತು. ಅದಕ್ಕೆ 38 ಪ್ರಾಪರ್ಟಿ. ಗಿರಾಕಿ ಹೆಸರು, ಪಾರ್ಟ್ ನಂಬರ್, ಹಲ್ಲುಗಳ ಎಣಿಕೆ, ಉಕ್ಕಿನ ದರ್ಜೆ, ಹೀಟ್ ಟ್ರೀಟ್‌ಮೆಂಟ್ ಬೇಕೋ ಬೇಡವೋ, ಹೀಗೆ. ಸ್ಕ್ರೀನ್ ತುಂಬಲು ಒಂದೊಂದನ್ನೂ ಬೇರೆ ಬೇರೆಯಾಗಿ ಓದುತ್ತಿತ್ತು. ಒಂದು ಓದಿಗೆ ನೆಟ್‌ವರ್ಕ್ ಮೇಲೆ ಒಂದು ಓಡಾಟ. ಒಂದೇ ಕಟ್ಟಡದಲ್ಲಿ ಅರ್ಧ ಮಿಲಿಸೆಕೆಂಡ್ ಅಂತಿಟ್ಟುಕೊಂಡರೆ ಒಂದು ಕಾರ್ಡಿಗೆ 19 ಮಿಲಿಸೆಕೆಂಡ್. ಯಾರಿಗೂ ಗೊತ್ತೇ ಆಗುವುದಿಲ್ಲ. ಅದೇ ಸರ್ವರನ್ನು ಮುಂಬೈನ ಕ್ಲೌಡ್‌ಗೆ ಕಳಿಸಿ, ಓಡಾಟಕ್ಕೆ 25 ಮಿಲಿಸೆಕೆಂಡ್ ಅಂತಿಡಿ. ಒಂದು ಕಾರ್ಡಿಗೆ 950 ಮಿಲಿಸೆಕೆಂಡ್. ಇಪ್ಪತ್ತು ಕಾರ್ಡಿನ ಪಟ್ಟಿ ತೆರೆದರೆ 19 ಸೆಕೆಂಡ್. ಈರುಳ್ಳಿಗೆ ಒಂದು ಸಲ, ಟೊಮೇಟೊಗೆ ಒಂದು ಸಲ, ಕೊತ್ತಂಬರಿ ಸೊಪ್ಪಿಗೆ ಮತ್ತೊಂದು ಸಲ ಮಲ್ಲೇಶ್ವರದಿಂದ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಬಂದ ಹಾಗೆ.

ಈ ಕೋಡನ್ನು ಹಾಗೇ ಜಿಆರ್‌ಪಿಸಿ ಅನ್ನುವ ಹೊಸ ಪೈಪಿಗೆ ಹಾಕಿದರೂ 38 ಓಡಾಟ 38 ಓಡಾಟವೇ. ಅದಕ್ಕೇ ನಾನು ಮೊದಲು ತಂತ್ರಜ್ಞಾನದ ಹೆಸರು ಎತ್ತುವುದಿಲ್ಲ. ಮೊದಲು ಇಂಟರ್‌ಫೇಸ್‌ನ, ಅಂದರೆ ಸರ್ವರನ್ನು ಏನೇನು ಕೇಳಬಹುದು ಅನ್ನುವ ಪಟ್ಟಿಯ, ಆಕಾರ ಬದಲಿಸುತ್ತೇನೆ. "ಜಾಬ್ ಕಾರ್ಡ್ ಕೊಡು" ಅಂತ ಒಂದೇ ಕಾಲ್, ಎಲ್ಲ 38 ಒಟ್ಟಿಗೆ ಬರಬೇಕು. "ಜಾಬ್ ಕಾರ್ಡ್ ಉಳಿಸು" ಅಂತ ಇನ್ನೊಂದು. ಈ ಕೆಲಸವನ್ನು ಡಿಕಾಂ ಒಳಗೆ ಇದ್ದುಕೊಂಡೇ ಮಾಡಬಹುದು. ಪರೀಕ್ಷೆ ಸುಲಭ, ಹಿಂದಕ್ಕೆ ಬರುವುದೂ ಸುಲಭ. ಇದು ಮುಗಿದ ಮೇಲೆ ಪೈಪ್ ಯಾವುದಾದರೂ ಆದೀತು. ಇದು ಮುಗಿಯದೆ ಯಾವ ಪೈಪೂ ಆಗಲಾರದು.

ಎರಡನೆಯ ತಲೆನೋವು ಆಬ್ಜೆಕ್ಟ್‌ನ ಆಯಸ್ಸು. ಡಿಕಾಂನಲ್ಲಿ ಕ್ಲೈಂಟ್ (ಕರೆಯುವ ಕಂಪ್ಯೂಟರ್) ಕಡೆಯಿಂದ ಎರಡು ನಿಮಿಷಕ್ಕೊಮ್ಮೆ "ಇದ್ದೀನಿ" ಅಂತ ಪಿಂಗ್ ಹೋಗುತ್ತದೆ. ಮೂರು ಪಿಂಗ್ ತಪ್ಪಿದರೆ, ಅಂದರೆ ಆರು ನಿಮಿಷಕ್ಕೆ, ಸರ್ವರ್ ಆಬ್ಜೆಕ್ಟ್‌ನ ಕೈಬಿಡುತ್ತದೆ. ರಿಮೋಟಿಂಗ್‌ನಲ್ಲಿ ಪಿಂಗ್ ಇಲ್ಲ, ಲೀಸ್ (ಬಾಡಿಗೆ ಅವಧಿ) ಇದೆ. ಹುಟ್ಟುವಾಗ ಐದು ನಿಮಿಷ, ಆಮೇಲೆ ಪ್ರತಿ ಕಾಲ್‌ಗೆ ಕಡಿಮೆ ಅಂದರೆ ಎರಡು ನಿಮಿಷ ಉಳಿಯುವಂತೆ ನವೀಕರಣ. ಡಿಕಾಂನಿಂದ ರಿಮೋಟಿಂಗ್‌ಗೆ ಹೋದವರನ್ನು ಕೇಳಿ ನೋಡಿ, ಈ ಕತೆ ಎಲ್ಲರ ಹತ್ತಿರ ಇರುತ್ತದೆ. ಡೆವಲಪರ್ ಪರೀಕ್ಷೆ ಮಾಡುವಾಗ ಎಲ್ಲ ಸರಿ. ಆಪರೇಟರ್ ಬೈಟು ಕಾಫಿ ಕುಡಿದು ಬಂದು ಬಟನ್ ಒತ್ತಿದರೆ "ಆಬ್ಜೆಕ್ಟ್ ಡಿಸ್ಕನೆಕ್ಟ್ ಆಗಿದೆ". ಅದಕ್ಕೆ ಎಲ್ಲರೂ ಹುಡುಕಿಕೊಂಡ ಶಾರ್ಟ್‌ಕಟ್ ಒಂದೇ: ಲೀಸ್‌ಗೆ ನಲ್ (ಏನೂ ಇಲ್ಲ ಅನ್ನುವ ಗುರುತು) ಕೊಟ್ಟು ಆಬ್ಜೆಕ್ಟನ್ನು ಚಿರಂಜೀವಿ ಮಾಡುವುದು. ಸರಿ, ಇನ್ನು ಆ ಆಬ್ಜೆಕ್ಟ್‌ಗಳು ಸಾಯುವುದೇ ಇಲ್ಲ. ಸರ್ವರ್‌ನ ಮೆಮೊರಿ ಹಬ್ಬದ ಮುಂಚಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಗುತ್ತದೆ.

ರಿಮೋಟಿಂಗ್ ಈಗ ಆಯ್ಕೆಯೇ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಾಟ್‌ನೆಟ್‌ನ ಹೊಸ ರೂಪವಾದ ಡಾಟ್‌ನೆಟ್ ಕೋರ್‌ಗೆ ಅದು ಬರಲೇ ಇಲ್ಲ. ಆಬ್ಜೆಕ್ಟನ್ನು ಕಳಿಸಲು ಗಂಟು ಕಟ್ಟಿಕೊಡುತ್ತಿದ್ದ, ಅದು ನೆಚ್ಚಿಕೊಂಡಿದ್ದ ಬೈನರಿಫಾರ್ಮ್ಯಾಟರನ್ನು 2024ರ ಡಾಟ್‌ನೆಟ್ 9ರಲ್ಲಿ ಕಿತ್ತೇ ಹಾಕಿದ್ದಾರೆ. "ಡಿಕಾಂನಿಂದ ರಿಮೋಟಿಂಗ್‌ಗೆ" ಅನ್ನುವ ಹಳೆ ಪಾಠ ಸಿಕ್ಕಿದರೆ ಓದಿ, ಆದರೆ ಆ ದಾರಿ ಹಿಡಿಯಬೇಡಿ. ಒಮ್ಮೆ ಹಿಡಿದವರು ಈಗ ಎರಡನೇ ಸಲ ಮನೆ ಬದಲಿಸುತ್ತಿದ್ದಾರೆ.

ಜಿಆರ್‌ಪಿಸಿ: ಎರಡೂ ತುದಿ ನಿಮ್ಮ ಕೈಯಲ್ಲಿದ್ದರೆ

ಹೊಸದಾಗಿ ಬರೆಯುವವರಿಗೆ ನನ್ನ ಮೊದಲ ಒಲವು ಇದರ ಕಡೆಗೆ. ಗೂಗಲ್ 2015ರಲ್ಲಿ ಓಪನ್ ಸೋರ್ಸ್ ಮಾಡಿತು. 2019ರ ಡಾಟ್‌ನೆಟ್ ಕೋರ್ 3.0 ಬಂದ ಮೇಲೆ ಮೈಕ್ರೋಸಾಫ್ಟ್ ಕಡೆಯವರಿಗೂ ಮನೆಯ ಸಾಮಾನಾಯಿತು. ಪ್ರೋಟೋ ಫೈಲ್‌ನಲ್ಲಿ ಒಪ್ಪಂದ ಬರೆದರೆ ಸಿ ಶಾರ್ಪ್, ಜಾವಾ, ಪೈಥಾನ್, ಗೋ ಎಲ್ಲಕ್ಕೂ ಕೋಡ್ ತಾನೇ ಹುಟ್ಟುತ್ತದೆ. ಐಡಿಎಲ್ (ಇಂಥದ್ದೇ ಒಪ್ಪಂದದ ಭಾಷೆ) ಬರೆದು ಅಭ್ಯಾಸ ಇರುವ ಕಾಮ್ (ಡಿಕಾಂ ನಿಂತಿರುವ ಬುನಾದಿ), ಕೋರ್ಬಾ ಜನಕ್ಕೆ ಇದು ನೆಂಟರ ಮನೆ ಇದ್ದ ಹಾಗೆ.

ಆಬ್ಜೆಕ್ಟ್ ಆಯಸ್ಸಿನ ಗೋಳು ಇಲ್ಲಿ ಇಲ್ಲ, ಯಾಕಂದರೆ ಆಬ್ಜೆಕ್ಟೇ ಇಲ್ಲ. ಸಂದೇಶ ಹೋಗುತ್ತದೆ, ಸಂದೇಶ ಬರುತ್ತದೆ. ಆಪರೇಟರ್ ಎಷ್ಟು ಹೊತ್ತು ಬೇಕಾದರೂ ಕಾಫಿ ಕುಡಿಯಲಿ. ಫೈರ್‌ವಾಲ್ ವಿಷಯದಲ್ಲೂ ನೆಮ್ಮದಿ. ಡಿಕಾಂಗೆ 135 ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು) ಜೊತೆಗೆ 49152ರಿಂದ 65535ರ ತನಕ ಯಾವುದು ಬೇಕಾದರೂ ಬೇಕಾಗಬಹುದು. ನೆಟ್‌ವರ್ಕ್ ಹುಡುಗನಿಗೆ "16,384 ಪೋರ್ಟ್ ತೆಗಿ" ಅಂತ ಹೇಳಿ ನೋಡಿ, ಅವನ ಮುಖ ಏನಾಗುತ್ತದೆ ಅಂತ. ಜಿಆರ್‌ಪಿಸಿಗೆ ಒಂದು ಪೋರ್ಟ್ ಸಾಕು. ಡಿಕಾಂ ತನ್ನ ಐಪಿ ವಿಳಾಸವನ್ನು ಪ್ಯಾಕೆಟ್ ಒಳಗೇ ಬರೆದು ಕಳಿಸುವುದರಿಂದ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗೆ ಬದಲಿಸಿ ತೋರಿಸುವ ವ್ಯವಸ್ಥೆ) ದಾಟಲು ಒದ್ದಾಡುತ್ತದೆ. ಇಲ್ಲಿ ಆ ಕಾಟವೂ ಇಲ್ಲ.

ಆದರೆ ಕೈ ಸುಟ್ಟುಕೊಳ್ಳುವ ಜಾಗಗಳಿವೆ.

ದುಡ್ಡಿನ ಲೆಕ್ಕ. ಜಿಆರ್‌ಪಿಸಿ ತನ್ನ ಸಂದೇಶ ಕಟ್ಟುವ ಪ್ರೋಟೋಬಫ್‌ನಲ್ಲಿ ಡೆಸಿಮಲ್ ಅನ್ನುವ ಟೈಪ್ ಇಲ್ಲ. ವಿಬಿ6ನ ಕರೆನ್ಸಿ ಟೈಪನ್ನು ಸುಮ್ನೆ ಡಬಲ್‌ಗೆ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಟೈಪ್) ಹಾಕಿದರೆ ಜಿಎಸ್‌ಟಿ ಲೆಕ್ಕದಲ್ಲಿ ಪೈಸೆ ತಪ್ಪಿ ಆಡಿಟರ್ ಕೈಗೆ ಸಿಕ್ಕಿಬೀಳುತ್ತೀರಿ. ಪೈಸೆ ಲೆಕ್ಕದಲ್ಲಿ 64 ಬಿಟ್ ಪೂರ್ಣಾಂಕ ಕಳಿಸಿ. ಕರೆನ್ಸಿ ಟೈಪ್ ನಾಲ್ಕು ದಶಮಾಂಶ ಹಿಡಿಯುತ್ತದೆ ಅನ್ನುವುದು ನೆನಪಿರಲಿ. ಬಿಡಿಭಾಗದ ದರ ಅಷ್ಟು ಸಣ್ಣದಾಗಿದ್ದರೆ ಪೈಸೆಯೂ ಸಾಲದು, ಹತ್ತು ಸಾವಿರದಿಂದ ಗುಣಿಸಿ.

ಗಡುವು. ಜಿಆರ್‌ಪಿಸಿಯಲ್ಲಿ ನೀವು ಡೆಡ್‌ಲೈನ್ ಕೊಡದಿದ್ದರೆ ಅದು ಎಷ್ಟು ಹೊತ್ತಾದರೂ ಕಾಯುತ್ತದೆ. ಮೊದಲ ದಿನವೇ ಪ್ರತಿ ಕಾಲ್‌ಗೂ ಕೊಡಿ.

ಗಾತ್ರ. ಬರುವ ಸಂದೇಶಕ್ಕೆ ಮಾಮೂಲಿ ಮಿತಿ 4 ಎಂಬಿ. ವಿಬಿ6 ಕಾಲದಲ್ಲಿ ಒಂದು ವರ್ಷದ ಮಾರಾಟವನ್ನು ಎಡಿಒ ರೆಕಾರ್ಡ್‌ಸೆಟ್‌ನಲ್ಲಿ (ಡೇಟಾಬೇಸ್ ಸಾಲುಗಳ ಕಟ್ಟು) ತುಂಬಿ ಇಡಿಯಾಗಿ ಕಳಿಸುತ್ತಿದ್ದೆವು, ಅಲ್ವಾ? ಆ ರಿಪೋರ್ಟ್ ಇಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಿತಿ ಏರಿಸುವ ಬದಲು ಸ್ಟ್ರೀಮ್ ಮಾಡಿ, ಅಂದರೆ ತುಂಡು ತುಂಡಾಗಿ ಕಳಿಸಿ.

ಎಲ್ಲಕ್ಕಿಂತ ದೊಡ್ಡದು ಲಾಗಿನ್. ಡಿಕಾಂನಲ್ಲಿ ವಿಂಡೋಸ್ ಬಳಕೆದಾರ ಯಾರು ಅನ್ನುವುದು ತಾನಾಗಿಯೇ ಸರ್ವರ್‌ಗೆ ತಿಳಿಯುತ್ತಿತ್ತು. ಡಾಟ್‌ನೆಟ್‌ನ ಜಿಆರ್‌ಪಿಸಿಯಲ್ಲಿ ವಿಂಡೋಸ್ ಅಥೆಂಟಿಕೇಷನ್ ನಡೆಯುವುದಿಲ್ಲ, ಯಾಕಂದರೆ ಜಿಆರ್‌ಪಿಸಿ ಓಡುವ ಎಚ್‌ಟಿಟಿಪಿ/2 ಅದಕ್ಕೆ ಒಗ್ಗುವುದಿಲ್ಲ. ಕರೆಯುವವರು ಯಾರು ಅಂತ ಸಾಬೀತು ಮಾಡಲು ಟೋಕನ್ ಅಥವಾ ಸರ್ಟಿಫಿಕೇಟ್ ವ್ಯವಸ್ಥೆ ಬೇಕು. ನಾನು ಕಂಡಂತೆ ಪ್ರಾಜೆಕ್ಟ್ ಅಂದಾಜಿನಲ್ಲಿ ಎಲ್ಲರೂ ಮರೆಯುವ ಸಾಲು ಇದೇ.

ಇನ್ನು ಆ ತುದಿಯಲ್ಲಿ ವಿಬಿ6 ಪ್ರೋಗ್ರಾಂ ಹಾಗೇ ಉಳಿಯುವುದಾದರೆ ಜಿಆರ್‌ಪಿಸಿ ನೇರವಾಗಿ ಆಗದು. ನಡುವೆ ಡಾಟ್‌ನೆಟ್ ಫ್ರೇಮ್‌ವರ್ಕ್‌ನ ಒಂದು ಹೊದಿಕೆ ಬೇಕು. ಆ ಫ್ರೇಮ್‌ವರ್ಕ್ ಕ್ಲೈಂಟ್ ಪೂರ್ತಿ ಕೆಲಸ ಮಾಡಲು ವಿಂಡೋಸ್ 11ರಂಥ ಹೊಸ ವಿಂಡೋಸ್ ಬೇಕು. ಪೀಣ್ಯದಲ್ಲಿ ವಿಂಡೋಸ್ 11 ಕೇಳಿದರೆ ನಗುತ್ತಾರೆ.

ಕೋರ್‌ಡಬ್ಲ್ಯುಸಿಎಫ್: ಈಗಾಗಲೇ ಅರ್ಧ ದಾರಿ ಬಂದವರಿಗೆ

2006ರ ಕೊನೆಗೆ ಮೈಕ್ರೋಸಾಫ್ಟ್‌ನ ಡಬ್ಲ್ಯುಸಿಎಫ್ ಬಂದಾಗ ರಿಮೋಟಿಂಗ್, ಎಎಸ್‌ಎಂಎಕ್ಸ್ (ವೆಬ್ ಸರ್ವಿಸ್), ಎಂಎಸ್‌ಎಂಕ್ಯೂ (ಸಂದೇಶಗಳ ಕ್ಯೂ) ಎಲ್ಲವನ್ನೂ ಒಂದೇ ಚಪ್ಪರದಡಿ ತಂದಿತ್ತು. ಡಾಟ್‌ನೆಟ್ ಕೋರ್‌ನಲ್ಲಿ ಅದರ ಸರ್ವರ್ ಭಾಗವನ್ನು ಮೈಕ್ರೋಸಾಫ್ಟ್ ಕೈಬಿಟ್ಟಿತು. ಸಮುದಾಯದವರು ಕೋರ್‌ಡಬ್ಲ್ಯುಸಿಎಫ್ ಕಟ್ಟಿದರು, 2022ರ ಏಪ್ರಿಲ್‌ನಲ್ಲಿ 1.0 ಬಂತು.

ನಿಮ್ಮ ಹತ್ತಿರ ಡಬ್ಲ್ಯುಸಿಎಫ್ ಸರ್ವಿಸ್ ಈಗಾಗಲೇ ಓಡುತ್ತಿದ್ದರೆ, ಅದನ್ನು ಹೊಸ ಡಾಟ್‌ನೆಟ್‌ಗೆ ಒಯ್ಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಒಪ್ಪಂದದ ಕೋಡ್ ಬಹುಪಾಲು ಹಾಗೇ ಉಳಿಯುತ್ತದೆ, ನೇಮ್‌ಸ್ಪೇಸ್ ಬದಲಾಗುತ್ತದೆ. ನೆಟ್‌ಟಿಸಿಪಿ ಅನ್ನುವ ಅದರ ಪೈಪ್ ಮೇಲೆ ವಿಂಡೋಸ್ ಲಾಗಿನ್ ಕೂಡ ಉಳಿಯುತ್ತದೆ, ಆ ಒಂದು ಕಾರಣಕ್ಕೇ ಒಂದು ಕಡೆ ನಾನು ಜಿಆರ್‌ಪಿಸಿ ಬಿಟ್ಟು ಇದನ್ನು ಹಾಕಿದೆ. ಸರ್ವರ್‌ನಿಂದ ಕ್ಲೈಂಟ್‌ಗೆ ತಿರುಗಿ ಕರೆಯುವ ಡ್ಯೂಪ್ಲೆಕ್ಸ್ ಕೂಡ ಇದೆ. ಎರಡು ಡೇಟಾಬೇಸ್ ಮೇಲೆ ಒಂದೇ ಟ್ರಾನ್ಸಾಕ್ಷನ್ ಹರಿಸುವ ಹಳೇ ಅಭ್ಯಾಸ ಇದ್ದರೆ ಮಾತ್ರ ಮೊದಲು ಆ ಭಾಗವನ್ನೇ ಪರೀಕ್ಷಿಸಿ, ಕೊನೆಗಲ್ಲ.

ಡಿಕಾಂನಿಂದ ನೇರವಾಗಿ ಇಲ್ಲಿಗೆ ಬರಬೇಕೆ? ಸರಿಯಾದ ಕಾರಣ ಇದ್ದರೆ ಮಾತ್ರ. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಬೈಂಡಿಂಗ್, ಬಿಹೇವಿಯರ್, ಎಂಡ್‌ಪಾಯಿಂಟ್ ಅಂತ ಪಾಠ ಮಾಡುತ್ತಾ ಕೂರಬೇಕಾಗುತ್ತದೆ.

ರೆಸ್ಟ್: ಆ ಕಡೆ ಯಾರಿದ್ದಾರೆ ಅಂತ ಗೊತ್ತಿಲ್ಲದಿದ್ದರೆ

ಹೊರಗಿನ ಗಿರಾಕಿ, ಮೊಬೈಲ್ ಆಪ್, ಬ್ರೌಸರ್, ಜೊತೆಗೆ ಹಳೇ ವಿಬಿ6. ಇಷ್ಟು ಥರದವರು ಬಂದು ಕರೆಯುವುದಾದರೆ ರೆಸ್ಟ್, ಅಂದರೆ ವೆಬ್‌ನ ಎಚ್‌ಟಿಟಿಪಿ ಮತ್ತು ಜೇಸನ್ ಅನ್ನುವ ಸಾದಾ ಪಠ್ಯದ ಸಂದೇಶ. ವಿಬಿ6ನಿಂದಲೂ ವಿಂಡೋಸ್‌ನ ವಿನ್‌ಎಚ್‌ಟಿಟಿಪಿ ಆಬ್ಜೆಕ್ಟ್ ಹಿಡಿದು ಹತ್ತು ಸಾಲಿನಲ್ಲಿ ಕರೆಯಬಹುದು. ಜಿಆರ್‌ಪಿಸಿಯನ್ನು ಬ್ರೌಸರ್ ನೇರವಾಗಿ ಕರೆಯಲಾರದು, ಅದಕ್ಕೆ ಜಿಆರ್‌ಪಿಸಿ-ವೆಬ್ ಅನ್ನುವ ಮಧ್ಯವರ್ತಿ ಬೇಕು. ಇಲ್ಲಿ ಅದೇನೂ ಬೇಡ. ವೇಗ ಕಡಿಮೆ ಅಂತ ಬೇಸರ ಪಡಬೇಡಿ. 38 ಓಡಾಟವನ್ನು ಒಂದು ಮಾಡಿದ ಮೇಲೆ ಜೇಸನ್‌ನ ದಪ್ಪ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಎಚ್ಚರಿಕೆ. ವಿಂಡೋಸ್ ಎಕ್ಸ್‌ಪಿಗೆ ಟಿಎಲ್‌ಎಸ್ 1.2 (ವೆಬ್ ಮಾತುಕತೆಯನ್ನು ಗುಟ್ಟಾಗಿಡುವ ಪದ್ಧತಿ) ಬರುವುದಿಲ್ಲ. ವಿಂಡೋಸ್ 7ರ ವಿನ್‌ಎಚ್‌ಟಿಟಿಪಿಗೂ ಅಪ್‌ಡೇಟ್ ಮತ್ತು ರಿಜಿಸ್ಟ್ರಿ ತಿದ್ದುಪಡಿ ಆದ ಮೇಲಷ್ಟೇ ಅದು ಮಾಮೂಲಿ ಆಗುತ್ತದೆ. "ಕನೆಕ್ಷನ್ ಆಗ್ತಿಲ್ಲ" ಅಂದರೆ ಮೊದಲು ಇಲ್ಲಿ ನೋಡಿ.

ಶಾಪ್ ಫ್ಲೋರ್‌ಗೆ ಬೇರೆಯದೇ ಉತ್ತರ

ಮೆಷಿನ್‌ನಿಂದ ಡೇಟಾ ತರುವ ಒಪಿಸಿ ಡಿಎ ಪೂರ್ತಿ ಡಿಕಾಂ ಮೇಲೆ ನಿಂತದ್ದು. ಪೀಣ್ಯದಲ್ಲಿ ಅವತ್ತು ಬಿದ್ದದ್ದೂ ಅದೇ. ಇಲ್ಲಿ ಜಿಆರ್‌ಪಿಸಿಯೋ ರೆಸ್ಟೋ ಅಂತ ವಾದ ಮಾಡುವುದೇ ದಂಡ. ಒಪಿಸಿ ಯುಎ ಇದಕ್ಕಂತಲೇ ಹುಟ್ಟಿದ್ದು. ಪೋರ್ಟ್ 4840 ಒಂದೇ, ವಿಂಡೋಸೇ ಬೇಕು ಅಂತಿಲ್ಲ, ಡಿಕಾಂ ಬೇಡವೇ ಬೇಡ.

ಮೆಷಿನ್‌ನ ಕಂಟ್ರೋಲರ್ ಹಳೆಯದು, ಯುಎ ಬರುವುದಿಲ್ಲ ಅಂದರೆ? ಡಿಎ ಸರ್ವರ್ ಇರುವ ಕಂಪ್ಯೂಟರ್‌ನಲ್ಲೇ ಡಿಎಯಿಂದ ಯುಎಗೆ ತಿರುಗಿಸುವ ರ‍್ಯಾಪರ್ ಹಾಕಿ. ಆಗ ಕಾಮ್ ಮಾತುಕತೆ ಒಂದೇ ಕಂಪ್ಯೂಟರ್ ಒಳಗೆ ಮುಗಿಯುತ್ತದೆ, ನೆಟ್‌ವರ್ಕ್ ಮೇಲೆ ಯುಎ ಮಾತ್ರ ಹೋಗುತ್ತದೆ. ನಾವು ಮಾಡಿದ್ದು ಇದನ್ನೇ. ಅರ್ಧ ದಿನದ ಕೆಲಸ ಅಂದುಕೊಂಡಿದ್ದು ಎರಡು ದಿನ ಹಿಡಿಯಿತು. ಒಂದು ಕಂಪ್ಯೂಟರ್ ಮಾತ್ರ ಸರ್ಟಿಫಿಕೇಟನ್ನು ಒಪ್ಪಲೇ ಇಲ್ಲ. ಮತ್ತೆ ಮಾಡಿದೆ, ಮತ್ತೆ ಬೇಡ ಅಂದಿತು. ಕೊನೆಗೆ ಟೀ ತಂದ ಹುಡುಗ ಸ್ಕ್ರೀನ್ ಮೂಲೆ ತೋರಿಸಿ, "ಸರ್, ಇದರಲ್ಲಿ ಟೈಮ್ ಯಾವಾಗಲೂ ತಪ್ಪೇ" ಅಂದ. ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ ಸತ್ತಿತ್ತು. ಆ ಕಂಪ್ಯೂಟರ್ ಪ್ರಕಾರ ಇನ್ನೂ 2009, ನನ್ನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇರಲಿಲ್ಲ. ಒಂದು ನಾಣ್ಯದಂಥ ಬ್ಯಾಟರಿಯಿಂದ ಕೆಲಸ ಮುಗಿಯಿತು.

ಉಳಿದವು, ಬೇಗ ಬೇಗ

ಕಾಲ್ ಮಾಡಿದವರು ಉತ್ತರಕ್ಕೆ ಕಾಯಬೇಕಿಲ್ಲದ ಕೆಲಸಗಳಿಗೆ ರ‍್ಯಾಬಿಟ್‌ಎಂಕ್ಯೂ ಥರದ ಕ್ಯೂ ಹಾಕಿ. ಇನ್ವಾಯ್ಸ್ ಪ್ರಿಂಟ್, ಮೇಲ್ ಕಳಿಸುವುದು ಇಂಥವು. ನಿಜಕ್ಕೂ ನೆನಪು ಇಟ್ಟುಕೊಳ್ಳುವ ದೂರದ ಆಬ್ಜೆಕ್ಟೇ ಬೇಕು ಅಂದರೆ 2015ರಲ್ಲಿ ಓಪನ್ ಸೋರ್ಸ್ ಆದ ಆರ್ಲಿಯನ್ಸ್ ನೋಡಿ. ಅದರಲ್ಲಿ ಆಬ್ಜೆಕ್ಟ್ ಬದುಕಿದೆಯೋ ಇಲ್ಲವೋ ಅಂತ ನೀವು ಚಿಂತಿಸಬೇಕಿಲ್ಲ, ಕರೆದಾಗ ಎದ್ದು ಬರುತ್ತದೆ. ಸಣ್ಣ ಆಫೀಸಿಗೆ ಜಾಸ್ತಿಯಾಯಿತು. ಜಾವಾದವರಿಗೆ ಒಂದೇ ಮಾತು: 2018ರ ಜಾವಾ 11ರಲ್ಲಿ ಕೋರ್ಬಾ ಹೋಯಿತು, 17ರಲ್ಲಿ ಆರ್‌ಎಂಐ ಆಕ್ಟಿವೇಷನ್ ಹೋಯಿತು. ಸಾದಾ ಆರ್‌ಎಂಐ ಇನ್ನೂ ಇದೆ, ಆದರೆ ಹೊಸದನ್ನು ಅದರ ಮೇಲೆ ಕಟ್ಟಬೇಡಿ.

ಇದ್ದಲ್ಲೇ ಬೇಲಿ ಹಾಕುವುದು

ಇದನ್ನು ಯಾರೂ ಆಯ್ಕೆ ಅಂತ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ಇಪ್ಪತ್ತು ವರ್ಷದ ವಿಬಿ6 ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ಕರೆಯುವ ಕೋಡ್ ಫೈಲ್), ಒಳಗೆ ಗೇರ್ ದರ ಲೆಕ್ಕ ಹಾಕುವ ಸೂತ್ರ. ಬರೆದವರು ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ಲೆಕ್ಕ ಸರಿಯಾಗಿದೆ, ಯಾಕೆ ಸರಿ ಅಂತ ಯಾರಿಗೂ ಗೊತ್ತಿಲ್ಲ. ಅದನ್ನು ಮುಟ್ಟಬೇಡಿ. ಅದೇ ಕಂಪ್ಯೂಟರ್‌ನಲ್ಲಿ ಅದರ ಮುಂದೆ ತೆಳ್ಳನೆಯ ಒಂದು ರೆಸ್ಟ್ ಸರ್ವಿಸ್ ಇಡಿ. ಹೊರಗಿನವರು ಅದನ್ನು ಕರೆಯಲಿ, ಅದು ಒಳಗಿನ ಕಾಮ್ ಆಬ್ಜೆಕ್ಟನ್ನು ಕರೆಯಲಿ. ವಿಬಿ6ನ ರನ್‌ಟೈಮ್ ಇವತ್ತಿನ ವಿಂಡೋಸ್‌ನಲ್ಲೂ ಓಡುತ್ತದೆ, ನಿಂತದ್ದು 2008ರಲ್ಲಿ ಅದರ ಎಡಿಟರ್‌ನ ಬೆಂಬಲ.

ಎರಡು ವಿಷಯ ನೋಡಿಕೊಳ್ಳಿ. ಆ ಡಿಎಲ್‌ಎಲ್ 32 ಬಿಟ್, ಹಾಗಾಗಿ ನಿಮ್ಮ ಸರ್ವಿಸ್ ಕೂಡ 32 ಬಿಟ್ ಆಗಿರಬೇಕು. ಇಲ್ಲಾಂದರೆ ಡಿಎಲ್‌ಎಲ್ಲನ್ನು ಕಾಂ ಪ್ಲಸ್ (ಕಾಮ್ ಆಬ್ಜೆಕ್ಟ್‌ಗಳನ್ನು ನಡೆಸುವ ವಿಂಡೋಸ್ ಸೇವೆ) ಅಡಿ ಬೇರೆ ಪ್ರೊಸೆಸ್‌ನಲ್ಲಿ ಕೂರಿಸಬೇಕು. ಮತ್ತೆ, ವಿಬಿ6 ಆಬ್ಜೆಕ್ಟ್ ಒಂದೇ ಥ್ರೆಡ್‌ನ ಪ್ರಾಣಿ. ಅದಕ್ಕಂತಲೇ ಒಂದು ಎಸ್‌ಟಿಎ ಥ್ರೆಡ್ (ಒಂದು ಸಲಕ್ಕೆ ಒಂದೇ ಕಾಲ್ ನಡೆಸುವ ಥ್ರೆಡ್) ಇಟ್ಟು ಕೋರಿಕೆಗಳನ್ನು ಒಂದರ ಹಿಂದೆ ಒಂದು ಕಳಿಸಿ. ದರ್ಶಿನಿಯಲ್ಲಿ ಟೋಕನ್ ಹಿಡಿದು ನಿಂತ ಹಾಗೆ.

ಕೊನೆಗೆ ಆ ಕಾರ್ಖಾನೆಯಲ್ಲಿ ಮೂರೂ ಬಂದವು. ಮೆಷಿನ್‌ಗೆ ಒಪಿಸಿ ಯುಎ, ಜಾಬ್ ಕಾರ್ಡ್ ಮತ್ತು ಬಿಲ್ಲಿಂಗ್‌ಗೆ ರೆಸ್ಟ್, ದರದ ಡಿಎಲ್‌ಎಲ್‌ಗೆ ಬೇಲಿ. ಜಿಆರ್‌ಪಿಸಿ ನನಗೆ ಇಷ್ಟ ಅಂತ ಇಷ್ಟೊಂದು ಬರೆದೆ, ಆದರೆ ಅಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ತುದಿಯಲ್ಲಿ ವಿಬಿ6 ಇತ್ತು, ಎಕ್ಸ್‌ಪಿ ಬಿಟ್ಟರೆ ವಿಂಡೋಸ್ 7 ಇತ್ತು.

ಹಳೆ ಡಿಕಾಂ ಸರ್ವರನ್ನು ತಕ್ಷಣ ತೆಗೆಯಲಿಲ್ಲ. ಅದರ ಪ್ರತಿ ಮೆಥಡ್‌ಗೂ ಒಂದು ಸಾಲು ಲಾಗ್ ಹಾಕಿ ಬಿಟ್ಟೆವು: ಯಾವ ಕಂಪ್ಯೂಟರ್, ಎಷ್ಟು ಹೊತ್ತಿಗೆ, ಏನು ಕೇಳಿತು. ಮೂರು ತಿಂಗಳು ಖಾಲಿ. ನಾಲ್ಕನೇ ತಿಂಗಳೂ ಖಾಲಿ. ತೆಗೆದುಬಿಡೋಣ ಅಂತ ಅಕೌಂಟ್ಸ್‌ನವರನ್ನು ಕೇಳಿದರೆ, "ಮಾರ್ಚ್ 31 ಆಗಲಿ ಸರ್" ಅಂದರು. ಏಪ್ರಿಲ್ 2ರ ಬೆಳಿಗ್ಗೆ ಲಾಗ್‌ನಲ್ಲಿ ಮೂರು ಸಾಲು ಬಿದ್ದಿದ್ದವು. ಸ್ಟೋರ್ಸ್‌ನ ಮೂಲೆಯ ಒಂದು ಕಂಪ್ಯೂಟರ್, ವರ್ಷಕ್ಕೊಮ್ಮೆ ಓಡುವ ಸ್ಟಾಕ್ ಮುಗಿಸುವ ಎಕ್ಸೆಲ್ ಮ್ಯಾಕ್ರೋ. ಅದನ್ನು ಬರೆದವರು ಯಾರು ಅಂತ ಇನ್ನೂ ಹುಡುಕುತ್ತಿದ್ದೇವೆ.